ಕನ್ನಡ ನಾಡಿನ ಋತುಪಾನಗಳು: ಪಾನಕ, ಅಂಬಲಿ, ಕಷಾಯಗಳ ಚರಿತ್ರೆಯನ್ನು ಕುರಿತು

ಚೈತ್ರ ಶುದ್ಧ ನವಮಿಯಂದು ರಾಮಮಂದಿರಗಳಲ್ಲಿ ವಿನಿಯೋಗವಾಗುವ ಬೆಲ್ಲದ ಪಾನಕ, ಆಷಾಢದ ಅಮಾವಾಸ್ಯೆಯ ಪ್ರಾತಃಕಾಲದಲ್ಲಿ ತುಳುನಾಡಿನ ಮನೆಮನೆಯಲ್ಲಿಯೂ ಬರಿಯ ಹೊಟ್ಟೆಗೆ ಸೇವಿಸುವ ಪಾಲೆಯ ತೊಗಟೆಯ ಕಷಾಯ, ಎಳ್ಳು ಅಮಾವಾಸ್ಯೆಯಂದು ಬೀದರ ಕಲಬುರಗಿಗಳ ಹೊಲಗಳಲ್ಲಿ ಬಂಧುಬಳಗದೊಡನೆ ಕುಳಿತು ಕುಡಿಯುವ ಜೋಳದ ಅಂಬಲಿ, ಈ ಮೂರೂ ರುಚಿಯಲ್ಲಿ, ದ್ರವ್ಯದಲ್ಲಿ, ಆಚರಣೆಯ ಕ್ರಮದಲ್ಲಿ ಒಂದಕ್ಕೊಂದು ದೂರವಾದುವಾದರೂ ಒಂದು ವಿಷಯದಲ್ಲಿ ಸಮಾನವಾಗಿವೆ: ಮೂರಕ್ಕೂ ತಿಥಿಯುಂಟು, ಮೂರೂ ಆ ತಿಥಿಯ ಸುತ್ತಲಿನ ಹವೆಗೂ ಬೆಳೆಗೂ ಬದ್ಧವಾಗಿವೆ. ನಮ್ಮ ಪಾಕಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಅರಮನೆಯ ಗ್ರಂಥಗಳಿಂದ ತೊಡಗಿ ಅಲ್ಲಿಯೇ ನಿಲ್ಲುವರು. ಆ ಗ್ರಂಥಗಳಷ್ಟೇ ಪ್ರಾಮಾಣ್ಯವುಳ್ಳ ಮತ್ತೊಂದು ದಾಖಲೆ ನಮ್ಮ ಹಬ್ಬಗಳ ಪಂಚಾಂಗವೆಂಬುದನ್ನೂ, ಶಾಸ್ತ್ರವೂ ಪಂಚಾಂಗವೂ ಬೇರೆ ಬೇರೆ ಮಾತನಾಡುವ ಸ್ಥಳಗಳಲ್ಲಿಯೇ ಚರಿತ್ರೆ ಹೆಚ್ಚು ಬೆಳಕು ಕಾಣುವುದೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಶಾಸ್ತ್ರದ ಮಾತು. ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯವೂ, ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದ ಮೂರನೆಯ ಅಧ್ಯಾಯವೂ ಋತುಚರ್ಯೆಗೆ ಮೀಸಲಾಗಿವೆ. ಸೂರ್ಯನು ಉತ್ತರಾಭಿಮುಖನಾಗಿ ಜಗತ್ತಿನ ಸಾರವನ್ನು ಹೀರುವ ಆದಾನಕಾಲವೆಂದೂ, ದಕ್ಷಿಣಾಭಿಮುಖನಾದಾಗ ಆ ಬಲವು ಪ್ರಾಣಿಗಳಿಗೆ ಮರಳಿ ದೊರೆಯುವ ವಿಸರ್ಗಕಾಲವೆಂದೂ ವರ್ಷವನ್ನು ಎರಡಾಗಿ ಮಾಡಿ, ಆರು ಋತುಗಳಿಗೂ ಅನ್ನಪಾನಗಳ ವಿಧಿನಿಷೇಧಗಳನ್ನು ಇವು ಹೇಳುತ್ತವೆ. ಗ್ರೀಷ್ಮದಲ್ಲಿ ಮಧುರವೂ ಶೀತವೂ ದ್ರವವೂ ಆದ ಆಹಾರ ಹಿತ. ಹುರಿದ ಧಾನ್ಯದ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸಕ್ಕರೆ ಸೇರಿಸಿದ ಮಂಥವು ಪಥ್ಯ. ಉಪ್ಪು ಹುಳಿ ಖಾರಗಳು ವರ್ಜ್ಯ. ವಾಗ್ಭಟನು ಇನ್ನೂ ಮುಂದೆ ಹೋಗಿ, ಪಾನಕವನ್ನು ಹೊಸ ಮಣ್ಣಿನ ಪಾತ್ರೆಯಲ್ಲಿಟ್ಟು ಮಣ್ಣಿನ ಬಟ್ಟಲಿನಿಂದಲೇ ಕುಡಿಯಬೇಕೆಂದೂ, ನೀರಿಗೆ ಪಾದರಿಯ ಹೂವಿನ ವಾಸನೆಯನ್ನೂ ಕರ್ಪೂರವನ್ನೂ ಕೊಡಬೇಕೆಂದೂ, ರಾತ್ರಿ ಸಕ್ಕರೆ ಬೆರೆಸಿದ ಎಮ್ಮೆಯ ಹಾಲನ್ನು ಚಂದ್ರನಕ್ಷತ್ರಗಳ ಬೆಳಕಿನಲ್ಲಿ ತಣಿಸಿ ಕುಡಿಯಬೇಕೆಂದೂ ವಿಧಿಸುತ್ತಾನೆ. ಗ್ರೀಷ್ಮಕ್ಕೆ ಹಿತವಾದ ನೀರು ಬೆರೆತ ಮಂಥವೇ ವರ್ಷಾಋತುವಿನಲ್ಲಿ ನಿಷಿದ್ಧ; ಆಗ ನದಿಯ ನೀರನ್ನೂ ಬಿಡಬೇಕು. ಶರತ್ತಿನಲ್ಲಿ ಹಗಲು ಬಿಸಿಲಿನಲ್ಲಿ ಕಾದು, ಇರುಳು ಬೆಳುದಿಂಗಳಿನಲ್ಲಿ ತಣಿದು, ಅಗಸ್ತ್ಯನಕ್ಷತ್ರದ ಉದಯದಿಂದ ನಿರ್ವಿಷವಾದ ಹಂಸೋದಕವೇ ಅಮೃತಸಮಾನ. ಇಂದು ಪಥ್ಯವಾದುದು ಎರಡು ತಿಂಗಳಿನಲ್ಲಿ ಅಪಥ್ಯವಾಗಬಹುದೆಂಬ ಈ ಕಾಲಪ್ರಜ್ಞೆಯೇ ಋತುಚರ್ಯೆಯ ಪ್ರಾಣ.

ಪಾನಕದ ಪ್ರಾಚೀನತೆಗೆ ವೈದ್ಯಗ್ರಂಥಗಳಲ್ಲದೆ ಬೇರೆ ಸಾಕ್ಷ್ಯವೂ ಉಂಟು. ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿ ಭಿಕ್ಷುಗಳಿಗೆ ಅನುಮತಿಸಿದ ಎಂಟು ಪಾನಗಳ ಪಟ್ಟಿಯಿದೆ. ಮಾವು, ನೇರಳೆ, ಬಾಳೆ, ದ್ರಾಕ್ಷಿ, ಜೇನು, ತಾವರೆಯ ಗಡ್ಡೆ ಮೊದಲಾದವು ಅದರಲ್ಲಿ ಸೇರಿವೆ. ಕೌಟಿಲ್ಯನು ಕೋಷ್ಠಾಗಾರದ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುವಾಗ ಮಾವು, ನೆಲ್ಲಿ, ಮಾದಲ, ಬೋರೆ ಮುಂತಾದ ಹುಳಿಹಣ್ಣುಗಳನ್ನೂ, ಹುಳಿದ್ರವಗಳಾಗಿ ಮೊಸರನ್ನೂ ಧಾನ್ಯದ ಹುಳಿನೀರನ್ನೂ ಉಗ್ರಾಣದ ವಸ್ತುಗಳಲ್ಲಿ ಎಣಿಸುತ್ತಾನೆ. ಸಂನ್ಯಾಸಿಯ ಭಿಕ್ಷಾಪಾತ್ರೆಗೂ ರಾಜನ ಉಗ್ರಾಣಕ್ಕೂ ಸಮಾನವಾಗಿ ಒಪ್ಪಿತವಾದ ವಸ್ತು ಇದಾಗಿತ್ತೆಂದಾಯಿತು.

ಇನ್ನು ಶಾಸ್ತ್ರವೂ ರೂಢಿಯೂ ಅಗಲುವ ಸ್ಥಳಕ್ಕೆ ಬರೋಣ. ಸುಶ್ರುತಸಂಹಿತೆಯು ಋತುಗಳ ಗಣನೆಯನ್ನು ಎರಡು ಬಗೆಯಾಗಿ ಕೊಡುತ್ತದೆ. ಒಂದರಲ್ಲಿ ಚೈತ್ರವೈಶಾಖಗಳು ವಸಂತ, ಮತ್ತೊಂದರಲ್ಲಿ ಫಾಲ್ಗುಣಚೈತ್ರಗಳು ವಸಂತ. ಎರಡರಲ್ಲಿ ಯಾವುದನ್ನು ಹಿಡಿದರೂ ಚೈತ್ರಮಾಸವು ವಸಂತವೇ ಹೊರತು ಗ್ರೀಷ್ಮವಲ್ಲ. ವಸಂತವು ಕಫವು ಕರಗಿ ಪ್ರಕೋಪಿಸುವ ಕಾಲವಾದುದರಿಂದ ಗುರುವೂ ಮಧುರವೂ ಆಮ್ಲವೂ ಆದ ಆಹಾರವನ್ನು ವೈದ್ಯರು ಆಗ ಬೇಡವೆನ್ನುತ್ತಾರೆ. ಹಾಗಿರುವಲ್ಲಿ ಬೆಲ್ಲವನ್ನೂ ಹುಳಿಯನ್ನೂ ಕರಗಿಸಿದ ಪಾನಕವನ್ನು ಚೈತ್ರದ ನವಮಿಯಂದೇ ಊರಿಗೆಲ್ಲ ಹಂಚುವ ಪದ್ಧತಿ ಹೇಗೆ ನೆಲೆಗೊಂಡಿತು? ಕನ್ನಡ ನಾಡಿನ ಬಯಲುಸೀಮೆಯಲ್ಲಿ ಮಾರ್ಚಿಯ ಕೊನೆಗೇ ಬಿಸಿಲು ಕಾಯತೊಡಗಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಪರಾಕಾಷ್ಠೆಯನ್ನು ಮುಟ್ಟುವುದೆಂಬುದನ್ನೂ, ಜ್ಯೇಷ್ಠದ ಹೊತ್ತಿಗೆ, ಅಂದರೆ ಪಂಚಾಂಗವು ಗ್ರೀಷ್ಮವೆಂದು ಕರೆಯುವ ಕಾಲದ ನಡುವಿನಲ್ಲಿಯೇ, ಮುಂಗಾರು ಇಳಿದುಬಿಡುವುದೆಂಬುದನ್ನೂ ನೆನೆದರೆ ಉತ್ತರವು ದೊರೆಯುತ್ತದೆ. ಗೃಹಿಣಿಯು ಋತುವಿನ ಹೆಸರನ್ನು ನೋಡದೆ ಅಂಗಳದ ಬಿಸಿಲನ್ನು ನೋಡಿದಳು. ಗ್ರೀಷ್ಮದ ಪಾನವನ್ನು ವಸಂತಕ್ಕೆ ತಂದಳು.

ಆದರೆ ತರುವಾಗ ಅವಳು ಶಾಸ್ತ್ರವನ್ನು ಕೈಬಿಡಲಿಲ್ಲವೆಂಬುದಕ್ಕೆ ಪಾನಕದಲ್ಲಿ ಬೀಳುವ ಒಣಶುಂಠಿಯೂ ಕರಿಮೆಣಸೂ ಏಲಕ್ಕಿಯೂ ಸಾಕ್ಷಿ. ಬರಿಯ ತಂಪನ್ನೇ ಬಯಸುವುದಾದರೆ ಶುಂಠಿ ಮೆಣಸುಗಳಿಗೆ ಅಲ್ಲಿ ಕೆಲಸವಿಲ್ಲ. ವಾಗ್ಭಟನು ವಸಂತದ ಪಾನಗಳನ್ನು ಹೇಳುವಾಗ ಶುಂಠಿಯ ನೀರು, ಜೇನು ಬೆರೆಸಿದ ನೀರು, ಭದ್ರಮುಷ್ಟಿಯ ನೀರುಗಳನ್ನು ಹೆಸರಿಸುತ್ತಾನೆ. ರಾಮನವಮಿಯ ಪಾನಕದಲ್ಲಿ ವಸಂತದ ಶುಂಠಿಯ ನೀರೂ ಗ್ರೀಷ್ಮದ ಮಧುರಪಾನಕವೂ ಒಂದೇ ಪಾತ್ರೆಯಲ್ಲಿ ಸಂಧಿಸಿವೆಯೆಂದು ನಾನು ಊಹಿಸುತ್ತೇನೆ. ಇದು ಊಹೆಯೇ, ಇದನ್ನು ನೇರವಾಗಿ ಹೇಳುವ ಗ್ರಂಥವನ್ನು ನಾನು ಮುಂದಿಡಲಾರೆ. ಆದರೂ ಅದರೊಡನೆ ಕೊಡುವ ಹೆಸರುಬೇಳೆಯ ಕೋಸಂಬರಿಯನ್ನು ಗಮನಿಸಿದರೆ ಈ ಊಹೆಗೆ ಬಲ ಬರುತ್ತದೆ: ದ್ವಿದಳಧಾನ್ಯಗಳಲ್ಲಿ ಹೆಸರನ್ನೇ ವೈದ್ಯರು ಅತ್ಯಂತ ಲಘುವೆಂದು ಎತ್ತಿಹಿಡಿದಿರುವರು. ನಿಂಬೆಯ ಹಣ್ಣಿನದಾಗಲಿ, ಬೇಲದ ಹಣ್ಣಿನದಾಗಲಿ, ಕರಬೂಜದ್ದಾಗಲಿ, ಪಾನಕದ ಹಣ್ಣು ಬದಲಾದರೂ ಏಲಕ್ಕಿ ಶುಂಠಿಗಳ ಸಹವಾಸ ಬದಲಾಗುವುದು ಅಪರೂಪ.

ಕನ್ನಡ ನಾಡಿನಲ್ಲಿಯೇ ಹುಟ್ಟಿದ ಗ್ರಂಥಗಳ ಸಾಕ್ಷ್ಯವು ಹನ್ನೊಂದನೆಯ ಶತಮಾನದಿಂದ ಸ್ಪಷ್ಟವಾಗಿ ದೊರೆಯುತ್ತದೆ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಕ್ರಿ.ಶ. 1025ರಲ್ಲಿ, ಚಾವುಂಡರಾಯನು ರಚಿಸಿದ ಲೋಕೋಪಕಾರವು ನೀರಿನ ಸೆಲೆಯನ್ನು ಕಂಡುಹಿಡಿಯುವ ಉಪಾಯ, ವೃಕ್ಷಾಯುರ್ವೇದ, ಗಂಧಯುಕ್ತಿ, ಪಶುವೈದ್ಯಗಳ ಜತೆಯಲ್ಲಿಯೇ ಸೂಪಶಾಸ್ತ್ರಕ್ಕೂ ಸ್ಥಾನ ಕೊಟ್ಟಿರುವುದು ವಿಚಾರಾರ್ಹ. ಬಾವಿ, ತೋಟ, ಕೊಟ್ಟಿಗೆ, ಒಲೆ ಇವು ನಾಲ್ಕೂ ಒಂದೇ ಸಂಸಾರದ ಅಂಗಗಳೆಂಬ ದೃಷ್ಟಿ ಆ ಗ್ರಂಥಕರ್ತನಿಗಿತ್ತು. ಅವನಿಂದ ಒಂದು ಶತಮಾನದ ತರುವಾಯ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು, ಸುಮಾರು 1130ರಲ್ಲಿ, ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ರಾಜನ ಉಪಭೋಗಗಳ ನಡುವೆ ಅನ್ನಭೋಗವೂ ಪಾನೀಯಭೋಗವೂ ಸೇರಿವೆ. ಮಳೆ, ಹೊಳೆ, ಕೆರೆ, ಬಾವಿ, ಝರಿಗಳ ನೀರುಗಳನ್ನು ವಿಂಗಡಿಸಿ, ಯಾವ ಋತುವಿಗೆ ಯಾವುದು ಯೋಗ್ಯವೆಂದು ಆ ಚಕ್ರವರ್ತಿ ನಿಷ್ಕರ್ಷಿಸುತ್ತಾನೆ. ಹಾಲನ್ನು ಹುಳಿಯಿಂದ ಒಡೆಸಿ, ತಿಳಿಯನ್ನು ಸೋಸಿ, ಸಕ್ಕರೆಯನ್ನೂ ಏಲಕ್ಕಿಯನ್ನೂ ಕೂಡಿಸಿ, ಸುಟ್ಟ ಹುಣಿಸೆಹಣ್ಣಿನಿಂದ ಬಣ್ಣವನ್ನು ಕೊಟ್ಟ ಪಾನಕವೊಂದರ ವಿಧಾನವೂ ಅಲ್ಲಿದೆ. ಒಡೆದ ಹಾಲಿನ ತಿಳಿಯನ್ನು ಚೆಲ್ಲದೆ ರಾಜಯೋಗ್ಯವಾದ ಪಾನವನ್ನಾಗಿ ಮಾಡಿದ ಆ ಪಾಕಪ್ರೌಢಿಮೆಗೆ ಇಂದಿಗೂ ತಲೆದೂಗಬೇಕು.

ಹುಣಸೂರು ಸೀಮೆಯ ಕಲ್ಲಹಳ್ಳಿಯ ಪ್ರಭುವೂ ಜೈನಕವಿಯೂ ಆದ ಮೂರನೆಯ ಮಂಗರಸನು, ಹದಿನಾರನೆಯ ಶತಮಾನದ ಆದಿಯಲ್ಲಿ, ಪಾಕಶಾಸ್ತ್ರವನ್ನು ಕನ್ನಡದ ಷಟ್ಪದಿಗೆ ಇಳಿಸಿದನು. ಅವನ ಸೂಪಶಾಸ್ತ್ರದಲ್ಲಿ ಪಿಷ್ಟಪಾಕದ ಜತೆಗೆ ಪಾನಕಗಳಿಗೇ ಪ್ರತ್ಯೇಕ ಪ್ರಕರಣವಿದೆ. ಬದನೆ, ಹಲಸು, ಬಾಳೆಗಳಿಗೂ ಕಳಲೆ ನೆಲ್ಲಿಗಳಿಗೂ ವಿಸ್ತಾರವಾದ ಸ್ಥಾನವಿದೆ. ಬಿದಿರಿನ ಎಳೆಯ ಮೊಳಕೆಯಾದ ಕಳಲೆಯು ಮುಂಗಾರು ಬಿದ್ದಮೇಲೆ ಮಾತ್ರ ಸಿಕ್ಕುವ ವಸ್ತು, ಹಲಸು ಬೇಸಗೆಯದು, ನೆಲ್ಲಿ ಮಾಗಿಯದು. ಕವಿಯು ಋತುಗಳನ್ನು ಹೆಸರಿಸಲಿ ಬಿಡಲಿ, ಅವನ ಅಡಿಗೆಮನೆಗೆ ಕಾಡೇ ಕಾಲವನ್ನು ಸೂಚಿಸುತ್ತಿತ್ತು. ಅವನ ಪಾಕಗಳಲ್ಲಿ ಮೆಣಸಿನಕಾಯಿಯಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಪೋರ್ಚುಗೀಸರ ಹಡಗುಗಳೊಡನೆ ಬಂದ ಆ ಕಾಯಿ ಆಗಿನ್ನೂ ನಮ್ಮ ಒಲೆಯನ್ನು ಮುಟ್ಟಿರಲಿಲ್ಲ. 1709ರಲ್ಲಿ ಪೂರ್ಣವಾದ, ಕೆಳದಿಯ ಬಸಪ್ಪನಾಯಕನ ಶಿವತತ್ತ್ವರತ್ನಾಕರವೂ ಪಾಕಶಾಸ್ತ್ರವನ್ನು ವಿವರಿಸುತ್ತದೆಯಾದರೂ, ಅದರ ದೃಷ್ಟಿಯೂ ಅರಮನೆಯದೇ.

ಸೋಮೇಶ್ವರನ ರಾಜಧಾನಿಯಾದ ಕಲ್ಯಾಣವು ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಅದೇ ಸೀಮೆಯಲ್ಲಿ ಎಳ್ಳು ಅಮಾವಾಸ್ಯೆಯಂದು, ಅಂದರೆ ಹಿಂಗಾರಿನ ಜೋಳವು ಹೊಲದಲ್ಲಿ ಎದೆಯೆತ್ತರ ನಿಂತಿರುವ ಚಳಿಗಾಲದಲ್ಲಿ, ರೈತರು ಭೂಮಿಯನ್ನು ಪೂಜಿಸಿ ಚರಗ ಚೆಲ್ಲಿ, ಹಸಿಕಾಳುಗಳೂ ಸೊಪ್ಪುತರಕಾರಿಗಳೂ ಬೆರೆತ ಭಜ್ಜಿಯನ್ನೂ ಸಜ್ಜೆಯ ಕಡುಬನ್ನೂ ಉಂಡು, ಮಣ್ಣಿನ ಮಡಕೆಯಲ್ಲಿ ಹುಳಿಯಲಿಟ್ಟ ಜೋಳದ ಹಿಟ್ಟಿನ ಮಜ್ಜಿಗೆಯ ಅಂಬಲಿಯನ್ನು ಕುಡಿಯುತ್ತಾರೆ. ಚಕ್ರವರ್ತಿಯ ಪಾನೀಯಭೋಗವು ಗ್ರಂಥಸ್ಥವಾಗಿ ಉಳಿಯಿತು. ಅದನ್ನು ಕುಡಿದವರ ಪರಂಪರೆ ಅಳಿಯಿತು. ಅಂಬಲಿಯನ್ನು ಯಾರೂ ಬರೆದಿಡಲಿಲ್ಲ. ಕುಡಿಯುವವರು ಇಂದಿಗೂ ಇದ್ದಾರೆ. ಮಾದಾರ ಚೆನ್ನಯ್ಯನ ಮನೆಯಲ್ಲಿ ಶಿವನು ಅಂಬಲಿಯನ್ನು ಉಂಡನೆಂಬ ಕಥೆಯನ್ನು ಶರಣರು ಮತ್ತೆ ಮತ್ತೆ ನೆನೆದದ್ದೂ, ಕನಕದಾಸರು ರಾಮಧಾನ್ಯಚರಿತ್ರೆಯಲ್ಲಿ ರಾಗಿಗೆ ಅಕ್ಕಿಯ ಮೇಲೆ ಜಯವನ್ನು ಕೊಡಿಸಿದ್ದೂ ಸಾಹಿತ್ಯದ ವಿಷಯ ಮಾತ್ರವಲ್ಲ. ಗ್ರಂಥಗಳು ಬಿಟ್ಟುಹೋದ ಬಹುಜನರ ಆಹಾರಕ್ಕೆ ನಮ್ಮ ಕವಿಗಳು ಸಲ್ಲಿಸಿದ ಸಾಕ್ಷ್ಯ. ಚರಕನ ಮಂಥವನ್ನು ಕಾಣಬಯಸುವವರು ಮೈಸೂರು ಸೀಮೆಯಲ್ಲಿ ಮಜ್ಜಿಗೆಗೋ ಬೆಲ್ಲದ ನೀರಿಗೋ ಕಲಸುವ ರಾಗಿಯ ಹುರಿಹಿಟ್ಟನ್ನು ನೋಡಬಹುದು: ಧಾನ್ಯ ಬೇರೆಯಾಯಿತು, ಕ್ರಮ ಅದೇ ಉಳಿಯಿತು.

ಘಟ್ಟದ ಮೇಲೂ ಕೆಳಗೂ ಇರುವ ಮಳೆಯ ನಾಡಿನಲ್ಲಿ ಪಂಚಾಂಗದ ಸೂಕ್ಷ್ಮತೆ ಇನ್ನೂ ಹೆಚ್ಚು. ಮುರುಗಲು, ದಕ್ಷಿಣ ಕನ್ನಡದವರ ಪುನರ್ಪುಳಿ, ಬೇಸಗೆಯ ಕೊನೆಯಲ್ಲಿ ಹಣ್ಣಾಗುತ್ತದೆ. ಮೊದಲ ಮಳೆ ಬೀಳುವ ಮುಂಚೆ ಅದರ ಸಿಪ್ಪೆಯನ್ನು ಬಿಡಿಸಿ ಬಿಸಿಲಿಗೆ ಒಣಗಿಸಿಕೊಳ್ಳಬೇಕು, ತಪ್ಪಿದರೆ ಆ ವರ್ಷದ ಹುಳಿಯೂ ಶರಬತ್ತೂ ತಪ್ಪಿದಂತೆಯೇ. ಉತ್ತರ ಕನ್ನಡದಲ್ಲಿ ಆಲೆಮನೆಯ ಕಾಲಕ್ಕೆ ಕಬ್ಬಿನಹಾಲಿನಿಂದ ತೊಡೆದೇವು, ಮಿಡಿಮಾವಿನ ಕಾಲಕ್ಕೆ ಅಪ್ಪೆಹುಳಿ, ಮಳೆಗಾಲಕ್ಕೆ ಕೊತ್ತಂಬರಿ ಜೀರಿಗೆ ಮೆಣಸುಗಳ ಕಷಾಯ, ಹೀಗೆ ವರ್ಷವು ನಾಲಗೆಯ ಮೇಲೆ ಸಾಗುತ್ತದೆ. ಒಂದೆಲಗ, ದೊಡ್ಡಪತ್ರೆ ಮೊದಲಾದ ಹಿತ್ತಲಿನ ಎಲೆಗಳನ್ನು ಜೀರಿಗೆ ಮೆಣಸುಗಳೊಡನೆ ಅರೆದು ಮಜ್ಜಿಗೆಯಲ್ಲಿ ಕದಡುವ ತಂಬುಳಿಯು ಊಟವೂ ಹೌದು, ಔಷಧವೂ ಹೌದು.

ತುಳುವರ ಆಟಿ ತಿಂಗಳು ಮಳೆ ಭೋರ್ಗರೆಯುವ, ಹಿಂದಿನ ಕಾಲದಲ್ಲಿ ಕಣಜಗಳು ಬರಿದಾಗುತ್ತಿದ್ದ ತಿಂಗಳು. ಆ ದಿನಗಳಲ್ಲಿ ತಗಟೆಸೊಪ್ಪು, ಕೆಸುವಿನೆಲೆಯ ಪತ್ರೊಡೆ, ಕಳಲೆ, ಕೂಡಿಟ್ಟ ಹಲಸಿನ ಬೀಜಗಳೇ ಸಂಸಾರವನ್ನು ದಾಟಿಸುತ್ತಿದ್ದವು. ಆಟಿಯ ಅಮಾವಾಸ್ಯೆಯಂದು ಸೂರ್ಯೋದಯಕ್ಕೆ ಮೊದಲೇ ಹೋಗಿ, ಪಾಲೆಯ ಮರದ ತೊಗಟೆಯನ್ನು ಕಬ್ಬಿಣ ಸೋಕಿಸದೆ ಕಲ್ಲಿನಿಂದಲೇ ಜಜ್ಜಿ ತೆಗೆದು, ಅದರ ಕಹಿರಸವನ್ನು ಕಾಳುಮೆಣಸು ಬೆಳ್ಳುಳ್ಳಿಗಳೊಡನೆ ಕುಡಿಯುತ್ತಾರೆ. ಆಮೇಲೆ ದೇಹದ ಉಷ್ಣವನ್ನು ತಣಿಸಲು ಮೆಂತೆಯ ಗಂಜಿ. ಇದೇ ಮರವು ಸಂಸ್ಕೃತದ ಸಪ್ತಪರ್ಣ. ಇದರ ತೊಗಟೆಯನ್ನು ಆಯುರ್ವೇದವು ವಿಷಮಜ್ವರಕ್ಕೆ ಬಳಸಿದೆ. ಮರವನ್ನು ಬಲ್ಲ ಹಿರಿಯರೇ ತೊಗಟೆ ತರಬೇಕೆಂಬ ಕಟ್ಟುಪಾಡಿಗೆ ಬಲವಾದ ಕಾರಣವಿದೆ: ಅದೇ ಕಾಡಿನಲ್ಲಿ ಪ್ರಾಣಾಂತಕವಾದ ಕಾಸರಕದ ಮರವೂ ಬೆಳೆಯುತ್ತದೆ. ಕೊಡಗಿನಲ್ಲಿ ಅದೇ ಕಾಲಕ್ಕೆ, ಕಕ್ಕಡ ಮಾಸದ 18ನೆಯ ದಿನ, ಮದ್ದುಸೊಪ್ಪಿನ ಗಾಢವರ್ಣದ ರಸದಿಂದ ಪಾಯಸವನ್ನು ಮಾಡುತ್ತಾರೆ. ಆ ಸೊಪ್ಪಿಗೆ ದಿನಕ್ಕೊಂದರಂತೆ ಮದ್ದು ಸೇರಿ ಹದಿನೆಂಟನೆಯ ದಿನ ಪೂರ್ಣಗುಣ ಬರುವುದೆಂದು ಅಲ್ಲಿನವರ ನಂಬಿಕೆ. ವರ್ಷಾಋತುವಿನಲ್ಲಿ ಅಗ್ನಿ ಮಂದವಾಗುವುದೆಂದು ವಾಗ್ಭಟನು ಹೇಳಿದ್ದಕ್ಕೆ ಈ ಎರಡು ನಾಡುಗಳ ಜನರು ಅವನ ಗ್ರಂಥದ ನೆರವಿಲ್ಲದೆ, ತಮ್ಮ ಕಾಡಿನ ಗಿಡಗಳಿಂದಲೇ ಉತ್ತರಿಸಿದ್ದಾರೆ.

ಈ ಪರಂಪರೆಯು ಹೊಸತನ್ನು ಒಲ್ಲದ ಜಡಪರಂಪರೆಯಾಗಿತ್ತೆಂದು ಭಾವಿಸಬಾರದು. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿ ಎಳ್ಳು, ಬೆಲ್ಲ, ಕೊಬ್ಬರಿಗಳು ಪುರಾತನವಾದುವು. ಅವುಗಳ ಪಕ್ಕದಲ್ಲಿ ನಿರಾತಂಕವಾಗಿ ಕುಳಿತಿರುವ ಕಡಲೆಕಾಯಿಬೀಜವು ಅಮೆರಿಕ ಖಂಡದಿಂದ ಬಂದ ಅತಿಥಿ. ಚಳಿಗಾಲಕ್ಕೆ ಸ್ನಿಗ್ಧವೂ ಉಷ್ಣವೂ ಆದ ಆಹಾರ ಬೇಕೆಂಬ ತತ್ತ್ವಕ್ಕೆ ಅದು ಹೊಂದಿಕೊಂಡಿತು, ಆದ್ದರಿಂದ ಹಬ್ಬದೊಳಕ್ಕೆ ಪ್ರವೇಶವೂ ದೊರೆಯಿತು. ಕಾಫಿಗೆ ಅಂಥ ತಿಥಿಯೊಂದು ಇಂದಿಗೂ ದೊರೆತಿಲ್ಲ. ಅದು ಎಲ್ಲ ಋತುಗಳಲ್ಲಿಯೂ ಒಂದೇ ಬಗೆ. ಸೀಸೆಯಲ್ಲಿ ತುಂಬಿ ವರ್ಷವಿಡೀ ಮಾರುವ ಬಣ್ಣದ ಪಾನೀಯಗಳಿಗೆ ಋತುವೂ ಇಲ್ಲ, ಊರೂ ಇಲ್ಲ. ಪಾನಕವು ನಮ್ಮ ಮನೆಗಳಿಂದ ಹಿಂದೆಗೆಯುತ್ತಿರುವುದಕ್ಕಾಗಿ ನನಗೆ ದುಃಖವಿದೆ. ಅದರೊಡನೆ ಆ ಕಾಲಪ್ರಜ್ಞೆಯೂ ಹಿಂದೆಗೆಯುತ್ತಿದೆಯೆಂಬುದಕ್ಕೆ ಇನ್ನೂ ಹೆಚ್ಚಿನ ದುಃಖವಿದೆ.

ಲೋಕೋಪಕಾರ, ಮಾನಸೋಲ್ಲಾಸ, ಸೂಪಶಾಸ್ತ್ರಗಳು ಅಚ್ಚಾಗಿ ನಮ್ಮ ಕೈಸೇರಿವೆ; ಅವುಗಳಿಗೆ ಈಗ ಅಪಾಯವಿಲ್ಲ. ಅಪಾಯವಿರುವುದು ತಿಥಿಯನ್ನು ನೋಡಿ ಅಡಿಗೆಯನ್ನು ಹೇಳಬಲ್ಲ ಹಿರಿಯ ಹೆಣ್ಣುಮಕ್ಕಳ ಜ್ಞಾನಕ್ಕೆ. ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ನಿಮ್ಮ ಮನೆಯ ಅಜ್ಜಿಯರು, ಅತ್ತೆಯರು, ಅಕ್ಕಪಕ್ಕದ ಹಿರಿಯರು ಯಾವ ತಿಂಗಳಿಗೆ ಏನನ್ನು ಕಾಯಿಸುತ್ತಾರೆ, ಏನನ್ನು ಕದಡುತ್ತಾರೆ, ಏನನ್ನು ಮುಟ್ಟುವುದಿಲ್ಲವೆಂಬುದನ್ನು, ಗಿಡಕ್ಕೆ ನಿಮ್ಮ ಊರಿನಲ್ಲಿರುವ ಹೆಸರು, ಅಳತೆ, ಪಾತ್ರೆ, ಅದನ್ನು ಅವರಿಗೆ ಕಲಿಸಿದವರು ಯಾರು ಎಂಬ ವಿವರಗಳೊಡನೆ ಈ ವರ್ಷವೇ ಬರೆದಿಟ್ಟು, ಒಂದು ಪ್ರತಿಯನ್ನು ನಿಮ್ಮ ಊರಿನ ಗ್ರಂಥಾಲಯಕ್ಕೆ ಒಪ್ಪಿಸಿರಿ.