ಒಂದು ಕಿರೀಟ, ಇಬ್ಬರು ದುರ್ಯೋಧನರು: ಬೆಂಗಳೂರು ಗ್ರಾಮಾಂತರದ ಪೌರಾಣಿಕ ನಾಟಕಗಳಲ್ಲಿ ಆಯುಧ–ಕವಚಗಳ ನಿರ್ವಹಣೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಆಡುವ ‘ಕುರುಕ್ಷೇತ್ರ’ ನಾಟಕದ ಆಯುಧ, ಕವಚಗಳು ಸಾಮಾನ್ಯವಾಗಿ ಊರಿನ ಸ್ವತ್ತಲ್ಲ; ಪಾತ್ರಧಾರಿಯ ಸ್ವತ್ತಂತೂ ಅಲ್ಲವೇ ಅಲ್ಲ. ಅವು ರಂಗಸಾಮಗ್ರಿಯನ್ನು ಬಾಡಿಗೆಗೆ ಕೊಡುವ ‘ಡ್ರಾಮಾ ಸೀನರಿ’ಯವರವು. ಪರದೆ, ಸೈಡ್‌ವಿಂಗು, ಸಿಂಹಾಸನಗಳ ಜೊತೆಗೇ ಗದೆ, ಬಿಲ್ಲು, ಕಿರೀಟಗಳೂ ಬಾಡಿಗೆಯ ಲೆಕ್ಕಕ್ಕೆ ಸೇರಿ, ಟೆಂಪೊ ಏರಿ ಸಂಜೆಗೆ ಊರಿಗೆ ಬರುತ್ತವೆ, ಬೆಳಗಾದರೆ ಹೊರಡುತ್ತವೆ. ನಡುವಿನ ಒಂದು ರಾತ್ರಿಯಲ್ಲಿ ಅವು ಯಾರ ಮೈಯಿಂದ ಯಾರ ಮೈಗೆ ದಾಟುತ್ತವೆ ಎಂಬುದರಲ್ಲೇ ಈ ರಂಗದ ವೇಷಕಲ್ಪನೆ ಅಡಗಿದೆ.

ಇದರ ಹಿಂದೆ ಎರಡು ಪರಂಪರೆಗಳಿವೆ. ಒಂದು, ಮೂಡಲಪಾಯ ಯಕ್ಷಗಾನ. ಹಗುರ ಮರದಲ್ಲಿ ಕೊರೆದು, ಬೇಗಡೆ ಅಂಟಿಸಿ, ಗಾಜಿನ ಚೂರು ಕೂರಿಸಿದ ಅದರ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳು ಮೇಳದ ಆಸ್ತಿ. ಇನ್ನೊಂದು, ವೃತ್ತಿ ಕಂಪನಿಗಳ ರಂಗಭೂಮಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ತನ್ನ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತು. ಅಂಥ ಕಂಪನಿಗೆ ತನ್ನದೇ ಉಗ್ರಾಣವಿತ್ತು, ಅದನ್ನು ಕಾಯುವ ಸಂಬಳದ ಆಳುಗಳಿದ್ದರು. ಹಳ್ಳಿಯ ಹವ್ಯಾಸಿ ತಂಡಕ್ಕೆ ಇವೆರಡೂ ಇಲ್ಲ. ಮುಖಮಲ್ಲಿನ ಉಡುಪು, ಪರದೆಯ ಅರಮನೆ, ಹಾರ್ಮೋನಿಯಂ ಮಟ್ಟುಗಳನ್ನು ಅದು ಕಂಪನಿಯಿಂದ ಪಡೆಯಿತು. ಸಾಮಾನನ್ನು ಮಾತ್ರ ಬಾಡಿಗೆಗೆ ತಂದಿತು. ವರ್ಷಕ್ಕೊಂದು ರಾತ್ರಿಯ ಯುದ್ಧಕ್ಕೆ ಶಸ್ತ್ರಾಗಾರ ಕಟ್ಟುವುದು ಲಾಭದ ಮಾತಲ್ಲ.

ಹಳ್ಳಿಯ ನಾಟಕದಲ್ಲಿ ಪಾತ್ರಧಾರಿ ದುಡ್ಡು ಪಡೆಯುವುದಿಲ್ಲ, ಕಟ್ಟುತ್ತಾನೆ. ದುರ್ಯೋಧನ, ಕೃಷ್ಣ, ಭೀಮನಂಥ ಪಾತ್ರಗಳ ಪಾಲು ಹೆಚ್ಚು. ಬಯಸುವವರು ಹೆಚ್ಚಾದಾಗ ಪಾತ್ರವನ್ನೇ ಒಡೆಯುತ್ತಾರೆ: ಒಂದನೇ ಕೃಷ್ಣ, ಎರಡನೇ ಕೃಷ್ಣ, ಒಂದನೇ ದುರ್ಯೋಧನ, ಎರಡನೇ ದುರ್ಯೋಧನ. ಊರ ಬಾಗಿಲ ಫ್ಲೆಕ್ಸಿನಲ್ಲಿ ಈ ಅಂಕಿಯ ಸಮೇತವೇ ಹೆಸರುಗಳು ಅಚ್ಚಾಗಿರುತ್ತವೆ. ಮೊದಲರ್ಧದ ದುರ್ಯೋಧನ ಕುಳ್ಳ, ಎರಡನೆಯವನು ಆಜಾನುಬಾಹು ಆಗಿದ್ದರೂ ನೋಡುವವರು ಗಲಿಬಿಲಿಗೊಳ್ಳುವುದಿಲ್ಲ. ಕಿರೀಟ ಅದೇ, ಹೆಗಲ ಮೇಲಿನ ಗದೆ ಅದೇ. ಪಾತ್ರ ನಟನ ಮುಖದಲ್ಲಿಲ್ಲ, ಸಾಮಾನಿನಲ್ಲಿದೆ. ಹೀಗಾಗಿ ಬಣ್ಣದ ಮನೆಯಲ್ಲಿ ಅತಿ ಇಕ್ಕಟ್ಟಿನ ಗಳಿಗೆ ರಣರಂಗದ ದೃಶ್ಯದ್ದಲ್ಲ, ಈ ಹಸ್ತಾಂತರದ್ದು. ಹೊರಗೆ ಹಾರ್ಮೋನಿಯಂ ಮೇಷ್ಟ್ರು ಕಂದವೊಂದನ್ನು ಎಳೆದು ಹೊತ್ತು ಕಳೆಯುತ್ತಿದ್ದರೆ, ಒಳಗೆ ಬೆವರಿಗೆ ತೊಯ್ದ ಎದೆಕವಚವನ್ನು ಒಬ್ಬನ ಬೆನ್ನಿನಿಂದ ಬಿಚ್ಚಿ ಇನ್ನೊಬ್ಬನ ಬೆನ್ನಿಗೆ ಕಟ್ಟುತ್ತಿರುತ್ತಾರೆ.

ತೊಡಿಸುವುದಕ್ಕೆ ಕ್ರಮವಿದೆ. ಮೊದಲು ಕೆಳ ಉಡುಪು, ಮೇಲಂಗಿ. ಅದರ ಮೇಲೆ ಜರಿ, ಚಮಕಿ ಹೊಲಿದ ಎದೆಕವಚ. ಅದನ್ನು ಬೆನ್ನ ಹಿಂದೆ ಲಾಡಿಯಿಂದ ಬಿಗಿದ ಮೇಲೆ ಭುಜಕೀರ್ತಿ, ತೋಳ್ಬಂದಿ, ಸೊಂಟದ ಪಟ್ಟಿ. ಕಿರೀಟ ಕಟ್ಟಕಡೆಗೆ. ಅದಕ್ಕೂ ಮುಂಚೆ ತಲೆಗೊಂದು ಬಟ್ಟೆ ಸುತ್ತಿ ಬಿಗಿಯಬೇಕು, ಇಲ್ಲವಾದರೆ ಅಂಚು ಹಣೆಗೆ ಒತ್ತಿ ಎರಡು ಗಂಟೆಯಲ್ಲಿ ತಲೆನೋವು ಹಿಡಿಯುತ್ತದೆ. ಅಳತೆ ಒಂದೇ, ಮೈ ಹಲವು. ಸಡಿಲವಾದಲ್ಲಿ ಪಿನ್ನು, ಬಿಗಿಯಾದಲ್ಲಿ ಉದ್ದನೆಯ ಲಾಡಿ. ಕರ್ಣನ ಕವಚಕುಂಡಲಗಳದು ಬೇರೆಯೇ ಕಷ್ಟ. ದಾನದ ದೃಶ್ಯ ಇದ್ದರೆ ರಂಗದ ಮೇಲೆ, ಎಲ್ಲರ ಕಣ್ಣೆದುರು, ಒಂದೇ ಎಳೆತಕ್ಕೆ ಅವು ಕಳಚಿ ಬರಬೇಕು. ಅಲ್ಲಿ ಪಿನ್ನು ಹಾಕಿದವನು ಇಂದ್ರನನ್ನು ಕಾಯಿಸಿದಂತೆಯೇ.

ಗದೆಯಲ್ಲಿ ತೂಕಕ್ಕಿಂತ ಗಾತ್ರ ಮುಖ್ಯ. ಒಳಗೆ ಟೊಳ್ಳು, ಮೇಲೆ ಚಿನ್ನದ ಬಣ್ಣ. ಬಯಲಿನ ಕೊನೆಯ ಸಾಲಿನಲ್ಲಿ ಚಾಪೆ ಹಾಸಿ ಕೂತವರಿಗೂ ಅದು ಕಾಣಬೇಕು. ಅದು ಹೊಡೆಯುವುದು ಕಡಿಮೆ, ಹೆಗಲ ಮೇಲೆ ಕೂರುವುದೇ ಹೆಚ್ಚು, ಏಕೆಂದರೆ ಈ ಯುದ್ಧ ನಡೆಯುವುದು ಹಾಡಿನಲ್ಲಿ. ನೇತುಹಾಕಿದ ಮೈಕಿಗೆ ತಾಗದಂತೆ ಗದೆ ತಿರುಗಿಸುವುದನ್ನು ತಾಲೀಮಿನಲ್ಲೇ ಕಲಿಯಬೇಕು. ಪಾತ್ರಧಾರಿಯನ್ನು ಗೌರವಿಸಲು ಅವನ ನೆಂಟರು ಆಟದ ನಡುವೆಯೇ ಹಾರ ಹಿಡಿದು ರಂಗ ಏರಿದಾಗ ಭುಜಕೀರ್ತಿಗೆ ಹಾರ ಸಿಕ್ಕಿಕೊಳ್ಳುತ್ತದೆ. ಆಗ ಪಕ್ಕದ ಶಕುನಿಯೋ ದುಶ್ಶಾಸನನೋ ಗದೆಯನ್ನು ಕೈಗೆ ತೆಗೆದುಕೊಂಡು ನಿಲ್ಲುತ್ತಾನೆ. ಯಾವ ಪುರಾಣದಲ್ಲೂ ಇಲ್ಲದ ಈ ಸೇವೆಯನ್ನು ಪ್ರೇಕ್ಷಕರು ಲೋಪವೆಂದು ಎಣಿಸುವುದಿಲ್ಲ. 

ವೇಷ ತೊಟ್ಟು ಇನ್ನೊಬ್ಬನಾಗುವ ಆಟ ಈಗ ಮೊಬೈಲಿಗೂ ಬಂದಿದೆ. ಜಪಾನಿನ ಗೂಢಚಾರ ನಿಂಜಾನ ವೇಷದ ಆನ್‌ಲೈನ್ ಆಟಗಳಲ್ಲಿಯೂ ಆಟಗಾರ ಕತ್ತಿ, ಶುರಿಕೆನ್ ಎಂಬ ಎಸೆಯುವ ಅಲಗು, ಕವಚ, ಮುಖವಾಡಗಳನ್ನು ಚೀಲದಲ್ಲಿಟ್ಟು, ಒಂದೊಂದನ್ನೂ ಅದಕ್ಕೆ ಗೊತ್ತಾದ ಜಾಗದಲ್ಲಿ ತನ್ನ ಪಾತ್ರಕ್ಕೆ ತೊಡಿಸುತ್ತಾನೆ. ಅಲ್ಲಿ ಕವಚ ಬದಲಾದರೆ ಬಲದ ಅಂಕಿ ಏರುತ್ತದೆ. ಹಲವು ಆಟಗಳಲ್ಲಿ ಆಯುಧ ಸವೆಯುತ್ತದೆ, ದುರಸ್ತಿ ಬೇಡುತ್ತದೆ. ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ನಿಂಜಾನ ಆಯುಧದ ಗುಣ ಮರೆಯಲ್ಲಿರುವುದು, ದುರ್ಯೋಧನನ ಗದೆಯ ಗುಣ ಮೆರೆಯುವುದು. ಆಟದಲ್ಲಿ ಗಳಿಸಿದ ಕತ್ತಿ ಆಟಗಾರನ ಖಾತೆಯಲ್ಲೇ ಉಳಿಯುತ್ತದೆ. ಇಲ್ಲಿ ಹಣ ಕಟ್ಟಿ, ತಿಂಗಳುಗಟ್ಟಲೆ ತಾಲೀಮು ಮಾಡಿ ಹಿಡಿದ ಗದೆ ಒಂದು ರಾತ್ರಿಗಷ್ಟೇ. ಅದರಿಂದ ಬಲದ ಅಂಕಿ ಏರುವುದಿಲ್ಲ, ಊರಿನಲ್ಲಿ ಹೆಸರು ಏರುತ್ತದೆ. ಮುಂದೆ ಹತ್ತು ವರ್ಷ ಜನ ಅವನನ್ನು ‘ದುರ್ಯೋಧನ’ ಎಂದೇ ಕೂಗಬಹುದು.

ಕೊನೆಯ ಗದಾಯುದ್ಧಕ್ಕೆ ಬೇಕಾದ ಎರಡು ಗದೆಗಳನ್ನು ಮೊದಲೇ ಬೇರೆ ಇಡುವುದು ಜಾಣತನ. ಮಧ್ಯರಾತ್ರಿಯಲ್ಲಿ ಹಿಡಿ ಅಲುಗಾಡಿದ ಗದೆ ಬೆಳಗಿನ ಜಾವಕ್ಕೆ ಕೈಕೊಡುತ್ತದೆ. ಗದೆಗೆ ಗದೆ ತಾಗುವ ಸದ್ದನ್ನು ಈಗ ಬಹುಪಾಲು ರಿದಮ್ ಪ್ಯಾಡಿನವರೇ ಕೊಡುತ್ತಾರೆ, ಅದರಿಂದ ಸಾಮಾನಿಗೂ ಆಯುಷ್ಯ. ತೊಡೆ ಮುರಿದು ದುರ್ಯೋಧನ ಬೀಳುವ ಹೊತ್ತಿಗೆ ಪೂರ್ವದಲ್ಲಿ ಬೆಳಕು ಹರಿದಿರುತ್ತದೆ. ಮಂಗಳ ಹಾಡುವಷ್ಟರಲ್ಲಿ ಸೀನರಿಯ ಹುಡುಗರು ಟ್ರಂಕು ತೆರೆದು ಕೂತಿರುತ್ತಾರೆ: ಕಿರೀಟಗಳು, ಬಿಲ್ಲುಗಳು, ಒಂದು ಚಕ್ರ, ಗದೆಗಳು. ಎಣಿಕೆ ಸರಿಹೋದ ಮೇಲೆಯೇ ಬಾಡಿಗೆಯ ಬಾಕಿ ಚುಕ್ತಾ. ಒದ್ದೆ ಎದೆಕವಚವನ್ನು ಟೆಂಪೊದ ಕಂಬಿಗೆ ಹರವುತ್ತಾರೆ. ಸಂಜೆ ಅದು ಇನ್ನೊಂದು ಊರಿನ ದುರ್ಯೋಧನನ ಮೈಮೇಲಿರಬೇಕು.