ಮರ ಕಟಾವಣೆ ಮತ್ತು ಕೆರೆ-ಹೊಂಡಗಳ ಕಪ್ಪೆಗಳ ರಕ್ಷಣೆ: ಕಟಕೋಳ ಭಾಗದ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಬೆಳಗಾವಿ ಜಿಲ್ಲೆ ರಾಮದುರ್ಗ ತಾಲ್ಲೂಕಿನ ಕಟಕೋಳ ಭಾಗವು ಬಯಲು ಸೀಮೆಯ ಒಣ ಪ್ರದೇಶವಾಗಿದೆ. ಇಂತಹ ಪ್ರದೇಶದ ಸಣ್ಣ ಕೆರೆ, ಕೃಷಿ ಹೊಂಡ ಹಾಗೂ ಹಳ್ಳದ ಗುಂಡಿಗಳಲ್ಲಿ ನೀರು ನಿಲ್ಲುವುದು ವರ್ಷದ ಕೆಲವೇ ತಿಂಗಳು. ಬಯಲು ಸೀಮೆಯ ಗೂಳಿಗಪ್ಪೆ, ನೆಲಗಪ್ಪೆ, ಬಿಲಗಪ್ಪೆ, ಮರಗಪ್ಪೆ ಮೊದಲಾದ ಉಭಯವಾಸಿಗಳು ಮಳೆಗಾಲದ ಈ ಅಲ್ಪಾವಧಿಯಲ್ಲಿಯೇ ಮೊಟ್ಟೆಯಿಡುತ್ತವೆ. ಬೆಳೆಗೆ ಹಾನಿ ಮಾಡುವ ಕೀಟಗಳನ್ನು ತಿನ್ನುವ ಈ ಜೀವಿಗಳು ರೈತರಿಗೆ ಉಪಕಾರಿಗಳಾಗಿವೆ.

ಮರಗಳ ಪಾತ್ರ

ಕಪ್ಪೆಗಳಿಗೆ ನೀರು ಬೇಕಾಗುವುದು ಮುಖ್ಯವಾಗಿ ಸಂತಾನೋತ್ಪತ್ತಿಗೆ. ವರ್ಷದ ಉಳಿದ ಕಾಲವನ್ನು ಅನೇಕ ಜಾತಿಗಳು ಸುತ್ತಲಿನ ನೆಲದಲ್ಲಿ, ತರಗೆಲೆಯಡಿ ಹಾಗೂ ಬೇರುಗಳ ಸಂದುಗಳಲ್ಲಿ ಕಳೆಯುತ್ತವೆ. ಆದುದರಿಂದ ಕೆರೆಯನ್ನು ಮಾತ್ರ ಉಳಿಸಿದರೆ ಸಾಲದು. ಅಮೆರಿಕದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಉಭಯವಾಸಿಗಳಿಗೆ ಅಗತ್ಯವಾದ ನೆಲವು ನೀರಿನ ಅಂಚಿನಿಂದ 159ರಿಂದ 290 ಮೀಟರ್‌ವರೆಗೆ ವ್ಯಾಪಿಸಿರುತ್ತದೆ. ಅಂತರವು ಜಾತಿ ಮತ್ತು ಪ್ರದೇಶಕ್ಕೆ ತಕ್ಕಂತೆ ಬದಲಾಗುತ್ತದೆ.

ಕಟಾವಣೆಯಿಂದಾಗುವ ಹಾನಿ

1. ನೆರಳು ಮತ್ತು ತರಗೆಲೆ ಇಲ್ಲವಾಗಿ ಮಣ್ಣು ಬೇಗನೆ ಒಣಗುತ್ತದೆ.
2. ಮರಗಪ್ಪೆಯು ನೀರಿನ ಮೇಲೆ ಬಾಗಿದ ಕೊಂಬೆ, ಎಲೆಗಳಲ್ಲಿ ನೊರೆಗೂಡು ಕಟ್ಟುತ್ತದೆ. ಗೊದಮೊಟ್ಟೆಗಳು ಅಲ್ಲಿಂದ ನೀರಿಗೆ ಬೀಳುತ್ತವೆ. ಕೊಂಬೆ ಕಡಿದರೆ ಗೂಡಿನ ನೆಲೆ ತಪ್ಪುತ್ತದೆ.
3. ಟ್ರ್ಯಾಕ್ಟರ್ ಗಾಲಿಯ ಗುಂಡಿಗಳಲ್ಲಿ ನಿಂತ ಮಳೆನೀರಿನಲ್ಲಿಯೂ ಕಪ್ಪೆಗಳು ಮೊಟ್ಟೆಯಿಡುತ್ತವೆ. ಗೊದಮೊಟ್ಟೆ ಕಪ್ಪೆಯಾಗಲು ಹಲವು ವಾರ ಬೇಕು. ಅದಕ್ಕೆ ಮೊದಲೇ ಗುಂಡಿ ಬತ್ತಿದರೆ ಅವೆಲ್ಲವೂ ಸಾಯುತ್ತವೆ.
4. ಸವೆದ ಮಣ್ಣು ಹೊಂಡದಲ್ಲಿ ಹೂಳಾಗುತ್ತದೆ. ಕೊಳೆಯುವ ರೆಂಬೆಗಳಿಂದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ.

ಅನುಮತಿ ಪಡೆಯುವ ವಿಧಾನ

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ 8ನೇ ಪ್ರಕರಣದಂತೆ, ಸ್ವಂತ ಜಮೀನಿನ ಮರವನ್ನು ಕಡಿಯಲೂ ವೃಕ್ಷಾಧಿಕಾರಿಯ ಪೂರ್ವಾನುಮತಿ ಅಗತ್ಯ. ನೀಲಗಿರಿ, ತೆಂಗು, ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಲಿಖಿತ ಅರ್ಜಿಯಲ್ಲಿ ಸರ್ವೆ ನಂಬರು, ಮರಗಳ ಸಂಖ್ಯೆ, ಜಾತಿ, ಸುತ್ತಳತೆ ಹಾಗೂ ಕಡಿಯಲು ಕಾರಣವನ್ನು ನಮೂದಿಸಿ ನಕ್ಷೆಯನ್ನು ಲಗತ್ತಿಸತಕ್ಕದ್ದು. ಸಮೀಪದ ಕೆರೆ ಅಥವಾ ಹೊಂಡವನ್ನು ನಕ್ಷೆಯಲ್ಲಿ ಗುರುತಿಸಿದಲ್ಲಿ ಸ್ಥಳ ಪರಿಶೀಲನೆಗೆ ಅನುಕೂಲವಾಗುತ್ತದೆ.

ಅರ್ಜಿದಾರರು ಸ್ವಯಂಪ್ರೇರಿತರಾಗಿ ಅನುಸರಿಸಬಹುದಾದ ಕ್ರಮಗಳು

ಅ) ಕಟಾವಣೆ ಹಾಗೂ ಸಾಗಣೆಯನ್ನು ಮುಂಗಾರು ಪೂರ್ವದ ಮಳೆಗೆ ಮೊದಲೇ, ಏಪ್ರಿಲ್ ಒಳಗೆ ಮುಗಿಸುವುದು.
ಆ) ನೀರಿನ ಅಂಚಿನ ಮರಗಳನ್ನು ಸಾಧ್ಯವಿದ್ದಷ್ಟು ಉಳಿಸುವುದು.
ಇ) ದಂಡೆಯಲ್ಲಿ ಬೊಡ್ಡೆಗಳನ್ನು ಯಂತ್ರದಿಂದ ಕೀಳದಿರುವುದು, ಬೇಸಿಗೆಯಲ್ಲಿ ಬಿಲಗಪ್ಪೆಗಳು ಮಣ್ಣಿನೊಳಗೆ ಅಡಗಿರುತ್ತವೆ.
ಈ) ವಾಹನಗಳಿಗೆ ದಂಡೆಯಿಂದ ದೂರ ಒಂದೇ ದಾರಿಯನ್ನು ಬಳಸಿ, ಗಾಲಿಗುಂಡಿಗಳನ್ನು ಮಳೆಗೆ ಮೊದಲೇ ಮುಚ್ಚುವುದು.
ಉ) ರೆಂಬೆ, ಸೊಪ್ಪನ್ನು ನೀರಿಗೆ ಹಾಕದಿರುವುದು.

ಬದಲಿ ಸಸಿ

ಕಡಿದ ಮರಕ್ಕೆ ಬದಲಾಗಿ ಸಸಿ ನೆಡುವ ಷರತ್ತನ್ನು ಅನುಮತಿಯಲ್ಲಿ ವಿಧಿಸಲು ಅಧಿನಿಯಮದಲ್ಲಿ ಅವಕಾಶವಿದೆ. ಷರತ್ತು ಅನುಮತಿಸುವಲ್ಲಿ ಬೇವು, ಹೊಂಗೆಯಂತಹ ಸಸಿಗಳನ್ನು ಹೊಂಡದ ಸಮೀಪ ನೆಟ್ಟು ಬೆಳೆಸಿದಲ್ಲಿ, ಕಳೆದುಹೋದ ನೆರಳು ಮತ್ತು ತರಗೆಲೆ ಆ ನೆಲಕ್ಕೆ ಕ್ರಮೇಣ ಮರಳಿ ದೊರೆಯುತ್ತವೆ.