ಕಾಣದ ತವರಿಗೆ ಬಂದವರು



ಜುಲೈ, ಆಗಸ್ಟ್ ತಿಂಗಳ ಮಳೆಯಲ್ಲಿ ನಮ್ಮ ದೇವಾಲಯಗಳ ಬೆಂಚುಗಳಲ್ಲಿ ಹೊಸ ಮುಖಗಳು ಕಾಣಿಸಿಕೊಳ್ಳುವುದನ್ನು ತಾವು ಗಮನಿಸಿರಬಹುದು. ಕೊಲ್ಲಿ ರಾಷ್ಟ್ರಗಳ ಶಾಲೆಗಳಿಗೆ ಆಗ ಬೇಸಗೆ ರಜೆ. ಉಡುಪಿ, ಕಾಪು, ಕಾರ್ಕಳದ ಮನೆಗಳಿಗೆ ದುಬೈ, ಕುವೈತ್, ಬಹರೈನ್‌ಗಳಿಂದ ಮೊಮ್ಮಕ್ಕಳು ಬರುತ್ತಾರೆ. ಅಜ್ಜಿ ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ. ಕೈಯಲ್ಲಿ ಕನ್ನಡದ ಸಂಗೀತ ಪುಸ್ತಕವಿದ್ದರೂ ಅವರು ಪುಟ ತಿರುವುವುದಿಲ್ಲ. "ಮಕ್ಕಳು ಊರಿಗೆ ಬಂದಿದ್ದಾರೆ" ಎಂದು ನಾವು ಹೇಳುತ್ತೇವೆ. ಆದರೆ ಅದು ಯಾರ ಊರು? ಅವರು ಹುಟ್ಟಿ ಬೆಳೆದದ್ದು ಬೇರೆಡೆ.

ಈ ಪ್ರಶ್ನೆಯನ್ನು ನಮಗಿಂತ ಕಠಿಣವಾಗಿ ಎದುರಿಸಿದವರು ಕುರ್ದರು. ತುರ್ಕಿ, ಇರಾನ್, ಇರಾಕ್, ಸಿರಿಯಾಗಳಲ್ಲಿ ಹಂಚಿಹೋದ, ಸ್ವಂತ ರಾಷ್ಟ್ರವಿಲ್ಲದ ಜನಾಂಗವದು. ಜರ್ಮನಿಯು 1961ರಲ್ಲಿ ತುರ್ಕಿಯೊಡನೆ ಕಾರ್ಮಿಕರ ಒಪ್ಪಂದ ಮಾಡಿಕೊಂಡ ಮೇಲೆ ಕೆಲವರು ಕೂಲಿಗೆಂದು ಹೋದರು. 1980ರ ಸೈನಿಕ ಕ್ರಾಂತಿಯ ನಂತರ ಹಲವರು ಪ್ರಾಣಭಯದಿಂದ ಹೋದರು. ಅವರ ಮಕ್ಕಳು ಕಾಣದ ನಾಡಿನ ಹೆಸರು ಹೊತ್ತು ಬೆಳೆದರು. ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. 1983ರಿಂದ 1991ರವರೆಗೆ ತುರ್ಕಿಯ ಕಾನೂನು ಕುರ್ದಿಷ್ ಭಾಷೆಯ ಪ್ರಕಟಣೆಗಳನ್ನು ನಿಷೇಧಿಸಿತ್ತು. ಅದೇ ಕಾಲದಲ್ಲಿ ಸ್ವೀಡನ್ನಿನಲ್ಲಿ ಅದೇ ಭಾಷೆಯ ಪುಸ್ತಕಗಳು ಧಾರಾಳವಾಗಿ ಅಚ್ಚಾಗುತ್ತಿದ್ದವು. ಪರದೇಶದಲ್ಲಿ ಬೆಳೆದ ತರುಣನು ತವರಿಗೆ ಬಂದಾಗ ಬರಿಗೈಯವನೆಂದು ಭಾವಿಸುವುದು ತಪ್ಪು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ನಮ್ಮ ಕರಾವಳಿಗೂ ಇಂಥ ಹೋಗುಬರವು ಹೊಸತಲ್ಲ. 1834ರಲ್ಲಿ ಮಂಗಳೂರಿಗೆ ಬಾಸೆಲ್ ಮಿಷನ್ ಬಂದ ಕತೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಮರುದಿಕ್ಕಿನ ಪಯಣದ ಕತೆಯನ್ನು ಹೇಳುವವರು ಕಡಿಮೆ. ಸಾರಸ್ವತ ಬ್ರಾಹ್ಮಣ ಕುಲದ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಹೊಂದಿ, ಗುರುಗಳಾದ ಹರ್ಮನ್ ಮೋಗ್ಲಿಂಗರ ಹೆಸರನ್ನು ತಮ್ಮ ಹೆಸರಿಗೆ ಕೂಡಿಸಿಕೊಂಡರು. 1846ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಮೋಗ್ಲಿಂಗರೊಡನೆ ಹಡಗು ಹತ್ತಿ ಬಾಸೆಲಿಗೆ ಹೋಗಿ ಅಲ್ಲಿನ ಸೆಮಿನರಿಯಲ್ಲಿ ಓದಿ, 1851ರಲ್ಲಿ ಅಭಿಷಿಕ್ತ ಮಿಷನರಿಯಾಗಿ ಮರಳಿದರು. ಮಂಗಳೂರಿನ ಸೆಮಿನರಿಯಲ್ಲಿ ಪಾಠ ಹೇಳಿದರು. ಕೊಡಗಿನ ಆನಂದಪುರಕ್ಕೆ ಆ ಹೆಸರು ಬಂದದ್ದು ಅವರಿಂದ. ಹುಟ್ಟಿದ ಕುಲಕ್ಕೆ ಅವರು ಹೊರಗಿನವರಾಗಿದ್ದರು. ಬಿಳಿಯರ ನಡುವೆ ಕರಿಯ ಸಹೋದರನೊಬ್ಬನೇ. 1893ರಲ್ಲಿ ತೀರಿಕೊಳ್ಳುವವರೆಗೂ ಈ ಎರಡು ದಡಗಳ ನಡುವೆಯೇ ಅವರ ಬಾಳು ಸಾಗಿತು.

ಅದೇ ವರ್ಷಗಳಲ್ಲಿ ಇನ್ನೊಂದು ಮಗು ಎದುರು ದಿಕ್ಕಿನಲ್ಲಿ ಸಾಗಿತ್ತು. ಮಲಯಾಳದ ನಿಘಂಟುಕಾರ ಗುಂಡರ್ಟರ ಮಗಳು ಮರಿಯಳು 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಮಕ್ಕಳನ್ನು ಯುರೋಪಿಗೆ ಕಳುಹಿಸಿ ಓದಿಸುವುದು ಅಂದಿನ ಮಿಷನರಿಗಳ ಪದ್ಧತಿ. ಅದಕ್ಕೆಂದೇ 1853ರಲ್ಲಿ ಬಾಸೆಲಿನಲ್ಲಿ ಮಕ್ಕಳ ಮನೆಯೊಂದನ್ನು ತೆರೆದರು. ಮರಿಯಳನ್ನಂತೂ ಅದಕ್ಕೂ ಮುಂಚೆ, ತೀರ ಎಳೆಯ ವಯಸ್ಸಿನಲ್ಲೇ, ಅಲ್ಲಿ ಬಿಟ್ಟು ತಾಯ್ತಂದೆಗಳು ಭಾರತಕ್ಕೆ ಮರಳಿದ್ದರು. ಆ ತಾಯಂದಿರ ಸಂಕಟವನ್ನು ಮಿಷನ್ ಚರಿತ್ರೆಗಳು ಎರಡು ಸಾಲಿನಲ್ಲಿ ಮುಗಿಸಿಬಿಡುವುದು ನನಗೆ ಸರಿಕಾಣುವುದಿಲ್ಲ. 1857ರಲ್ಲಿ ಮರಿಯಳು ಮರಳಿ ಬಂದಾಗ ಹದಿನೈದರ ಹುಡುಗಿ. ತನ್ನ ಜನ್ಮಸ್ಥಳವು ಅವಳಿಗೆ ಹೊಸ ನಾಡು. ತಾಯ್ತಂದೆಗಳನ್ನೂ ಹೊಸದಾಗಿ ಅರಿಯಬೇಕಿತ್ತು. ಮುಂದೆ, ನಮ್ಮ ಕರಾವಳಿಯಲ್ಲಿ ಮಿಷನರಿಯಾಗಿದ್ದ ಯೊಹಾನ್ನೆಸ್ ಹೆಸ್ಸೆಯವರನ್ನು ಅವಳು ವಿವಾಹವಾದಳು. ಅವರ ಮಗನೇ 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆ. ತಾಯಿಯ ನಾಡನ್ನು ಕಾಣಬೇಕೆಂದು ಅವರು 1911ರಲ್ಲಿ ಪೂರ್ವದೇಶಗಳಿಗೆ ಹೊರಟರು. ಸಿಲೋನಿನವರೆಗೆ ಬಂದರು, ಅಲ್ಲಿಂದಲೇ ಹಿಂದಿರುಗಿದರು. ತಲಶ್ಶೇರಿಯನ್ನು ಕಾಣಲೇ ಇಲ್ಲ.

ಬಾಬೆಲಿನ ಸೆರೆಯಿಂದ ಮರಳಿದವರಲ್ಲಿಯೂ ಹೆಚ್ಚಿನವರು ಯೆರೂಸಲೇಮನ್ನು ಕಂಡವರಲ್ಲ. ಎಜ್ರನ ಗ್ರಂಥದ ಮೂರನೆಯ ಅಧ್ಯಾಯವನ್ನು ಮನೆಪ್ರಾರ್ಥನೆಯಲ್ಲಿ ಇನ್ನೊಮ್ಮೆ ಓದಿರಿ. ಹೊಸ ಆಲಯಕ್ಕೆ ಅಸ್ತಿವಾರ ಹಾಕಿದಾಗ ಮೊದಲಿನ ಆಲಯವನ್ನು ನೋಡಿದ್ದ ಮುದುಕರು ಗಟ್ಟಿಯಾಗಿ ಅತ್ತರು. ಉಳಿದವರು ಹರ್ಷದಿಂದ ಕೂಗಿದರು. ಯಾವುದು ಅಳು, ಯಾವುದು ಹರ್ಷವೆಂದು ತಿಳಿಯದಾಯಿತು. ಅಜ್ಜನು ಕಳೆದುಹೋದುದನ್ನು ನೆನೆಯುವಲ್ಲಿ ಮೊಮ್ಮಗನು ಹೊಸದನ್ನು ಕಾಣುತ್ತಾನೆ. ಇಬ್ಬರನ್ನೂ ಒಂದೇ ಅಂಗಳದಲ್ಲಿ ನಿಲ್ಲಿಸಿದ್ದೇ ಅಂದಿನ ಸಭೆಯ ಹಿರಿಮೆ.

ಇತ್ತೀಚಿನ ಕಾಲಕ್ಕೆ ಬಂದರೆ, ವಿದೇಶಗಳಲ್ಲಿ ನೆಲಸಿದ ಭಾರತೀಯ ಮೂಲದ ತರುಣರನ್ನು ಕರೆಸಿ ಕೆಲವು ವಾರ ದೇಶ ತೋರಿಸುವ 'ಭಾರತವನ್ನು ತಿಳಿಯಿರಿ' ಎಂಬ ಕಾರ್ಯಕ್ರಮವನ್ನು ಕೇಂದ್ರ ಸರಕಾರವು 2003-04ರ ಸುಮಾರಿಗೆ ಆರಂಭಿಸಿತು. ಮಣಿಪಾಲವು ಬೇರೆ ರೀತಿಯ ವಿನಿಮಯವನ್ನು ಕಂಡಿದೆ. 1997ರಲ್ಲಿ ಆರಂಭವಾದ ಮೆಲಕ ಮಣಿಪಾಲ ವೈದ್ಯಕೀಯ ಕಾಲೇಜಿನ ಮಲೇಷ್ಯಾದ ವಿದ್ಯಾರ್ಥಿಗಳು ಓದಿನ ಮೊದಲ ಭಾಗವನ್ನು ಇಲ್ಲಿ ಮುಗಿಸಿ ಉಳಿದುದಕ್ಕೆ ತಮ್ಮ ನಾಡಿಗೆ ಹೋಗುತ್ತಿದ್ದರು. ಭಾರತೀಯ ಮೂಲದವರೂ ಅವರಲ್ಲಿದ್ದರು.

ಆದರೆ ಸರಕಾರದ ಆ ಕಾರ್ಯಕ್ರಮವು ಪರದೇಶದ ಪೌರರಾದ ಭಾರತೀಯ ಮೂಲದವರಿಗಾಗಿ ಏರ್ಪಟ್ಟದ್ದು, ಅನಿವಾಸಿ ಭಾರತೀಯರಿಗಲ್ಲ. ಕೊಲ್ಲಿ ರಾಷ್ಟ್ರಗಳು ನಮ್ಮವರಿಗೆ ಪೌರತ್ವ ಕೊಡುವುದು ತೀರ ವಿರಳ. ಅಲ್ಲಿಯೇ ಹುಟ್ಟಿದರೂ ನಮ್ಮ ಮಕ್ಕಳ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್. ಲೆಕ್ಕದಲ್ಲಿ ಅವರು ಇಲ್ಲಿನವರೇ. ಆದ್ದರಿಂದ ಅವರಿಗೆ ಊರನ್ನು ಪರಿಚಯಿಸುವ ಹೊಣೆ ಯಾರದೂ ಅಲ್ಲ! ಉಳಿದಿರುವುದು ಅಜ್ಜಿಯ ಮನೆ ಮತ್ತು ಸಭೆ.

ಬರುವ ಜುಲೈಯಲ್ಲಿ ಕೆಲವೇ ಭಾನುವಾರಗಳು ಅವರು ನಮ್ಮೊಡನಿರುತ್ತಾರೆ. ಯುವಜನ ಸಂಘದವರು ಅವರನ್ನು ಉಡುಪಿಯ ಮಿಷನ್ ಆಸ್ಪತ್ರೆಗೆ ಕರೆದೊಯ್ದು, 1923ರಲ್ಲಿ ಅಲ್ಲಿ ಸೇವೆ ಆರಂಭಿಸಿದ ಸ್ವಿಸ್ ವೈದ್ಯೆ ಈವಾ ಲೊಂಬಾರ್ಡರ ಕತೆ ಹೇಳಬಹುದು. ಸಂಜೆ ಮಳೆ ಬಿಟ್ಟರೆ ಕಾಪುವಿನ ದೀಪಸ್ತಂಭದ ಬಳಿ ಕುಳಿತು, ಅವರ ಕೊಲ್ಲಿಯ ಸಭೆಯಲ್ಲಿ ಆರಾಧನೆ ಹೇಗೆ ನಡೆಯುತ್ತದೆ, ಪಕ್ಕದ ಬೆಂಚಿನಲ್ಲಿ ಯಾವ ಯಾವ ನಾಡಿನವರು ಕುಳಿತುಕೊಳ್ಳುತ್ತಾರೆ ಎಂದು ಕೇಳಬಹುದು. ಅವರು ಇಂಗ್ಲಿಷಿನಲ್ಲಿಯೇ ಹೇಳಲಿ. ಅಜ್ಜಿಗೆ ತಿಳಿಸಿಕೊಡುವ ಕೆಲಸವನ್ನು ಇಲ್ಲಿನ ಹುಡುಗರು ಮಾಡಲಿ.